ಗುಹಾಸ್ತರಗಳ ಕಾಲನಿರ್ಣಯ: ಲಿಯಾಂಗ್ ಬುವಾ ನಿದರ್ಶನ

ಗುಹೆಯಲ್ಲಿ ದೊರೆತ ವಸ್ತುವಿನ ಪ್ರಾಚೀನತೆಯನ್ನು ಅದು ಹೂತಿದ್ದ ಆಳದಿಂದ ಊಹಿಸುವುದು ಲೋಕರೂಢಿ. ಕೆಳಗಣ ಮಣ್ಣು ಮೊದಲು ಬಿದ್ದುದು, ಮೇಲಣದು ಅನಂತರದ್ದು. ಆದುದರಿಂದ ಒಂದೇ ಆಳದಲ್ಲಿರುವ ಎರಡು ವಸ್ತುಗಳು ಸಮಕಾಲೀನವೆಂಬುದು ಈ ಅನುಮಾನದ ಸಾರ. ಇದು ಎಲ್ಲಿ ಸಾಧು, ಎಲ್ಲಿ ಅಸಾಧು ಎಂಬುದನ್ನು ಇಂಡೊನೇಷಿಯದ ಫ್ಲೋರೆಸ್ ದ್ವೀಪದ ಲಿಯಾಂಗ್ ಬುವಾ ಎಂಬ ಸುಣ್ಣಕಲ್ಲಿನ ಗುಹೆಯು ಸ್ಪಷ್ಟಪಡಿಸುತ್ತದೆ.

2003ರಲ್ಲಿ ಅಲ್ಲಿ ಸುಮಾರು 20 ಅಡಿ ಆಳದಲ್ಲಿ ಒಂದು ಅಸ್ಥಿಪಂಜರವು ದೊರೆಯಿತು. ಅದು ಪ್ರಾಯಕ್ಕೆ ಬಂದ ವ್ಯಕ್ತಿಯದಾದರೂ ಎತ್ತರವು ಮೂರೂವರೆ ಅಡಿ ಮಾತ್ರ. ಮಿದುಳಿನ ಗಾತ್ರವು ಆಧುನಿಕ ಮಾನವನದರ ಮೂರನೆಯ ಒಂದು ಪಾಲಿನಷ್ಟು. 2004ರಲ್ಲಿ ಇದನ್ನು ಹೋಮೋ ಫ್ಲೋರೆಸಿಯೆನ್ಸಿಸ್ ಎಂಬ ಪ್ರತ್ಯೇಕ ಮಾನವಜಾತಿಯೆಂದು ಪ್ರಕಟಿಸಲಾಯಿತು. ಸಮೀಪದಲ್ಲಿದ್ದ ಇದ್ದಲಿನ ವಯಸ್ಸು ಸುಮಾರು 18,000 ವರ್ಷ. ಅಸ್ಥಿಯದೂ ಅಷ್ಟೇ ಎಂದು ಆಗ ಎಣಿಸಿದರು. ಹಾಗಾದರೆ ಆಧುನಿಕ ಮಾನವನು ಆ ಪ್ರಾಂತಕ್ಕೆ ಬಂದ ಮೇಲೆಯೂ ಈ ಜಾತಿಯು ಸಹಸ್ರಾರು ವರ್ಷ ಅವನ ನೆರೆಯಲ್ಲಿ ಬಾಳಿತೆಂದು ಒಪ್ಪಬೇಕಾಗುವುದು. ಮಾನವನ ಇತಿಹಾಸದಲ್ಲಿ ಇದು ಅಲ್ಪವಾದ ಮಾತಲ್ಲ.

2007ರಿಂದ 2014ರ ವರೆಗೆ ನಡೆದ ಉತ್ಖನನವು ಈ ಎಣಿಕೆಯನ್ನು ಕೆಡಿಸಿತು. ಅಸ್ಥಿಗಳನ್ನೊಳಗೊಂಡ ಹಳೆಯ ಸ್ತರವು ಒಂದು ಕಾಲದಲ್ಲಿ ಬಹುಮಟ್ಟಿಗೆ ಸವೆದು, ಕಡಿದಾದ ಇಳಿಜಾರಾಗಿ ಉಳಿದಿತ್ತು. ಅದರ ಮಗ್ಗುಲಿನ ತಗ್ಗಿನಲ್ಲಿ ಬಹುಕಾಲಾನಂತರ ಹೊಸ ಮಣ್ಣು ತುಂಬಿತು. ಇದ್ದಲು ಈ ಹೊಸ ಮಣ್ಣಿಗೆ ಸೇರಿದುದು, ಅಸ್ಥಿಯು ಹಳೆಯದಕ್ಕೆ. ಆಳ ಒಂದೇ, ಕಾಲ ಬೇರೆ. ತರ್ಕದ ಪರಿಭಾಷೆಯಲ್ಲಿ ಹೇಳುವುದಾದರೆ, ಆಳವೆಂಬ ಹೇತುವಿಗೆ ಇಲ್ಲಿ ಒಂದು ಉಪಾಧಿಯುಂಟು: ಸ್ತರವು ಸವೆಯದೆ, ಕದಡದೆ ಇದ್ದಿರಬೇಕು. ಆ ಉಪಾಧಿಯಿಲ್ಲದೆಡೆ ಹೇತುವು ವ್ಯಭಿಚರಿಸುತ್ತದೆ. ಉಪಾಧಿಯುಂಟೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದೇ ಭೂರೂಪಶಾಸ್ತ್ರದ ಕಾರ್ಯ.

ಅನಂತರ ಅಳತೆಯ ಮಾತು. ಇದ್ದಲಿನಲ್ಲಿರುವ ವಿಕಿರಣಶೀಲ ಇಂಗಾಲವು 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ, ಸುಮಾರು 50,000 ವರ್ಷಗಳಾಚೆಗೆ ಅದರ ಸಾಕ್ಷ್ಯವು ನಿಲ್ಲದು. ಹೂತ ಮೂಳೆಯು ನೆಲದ ನೀರಿನಿಂದ ಯುರೇನಿಯಮ್ಮನ್ನು ಹೀರಿಕೊಳ್ಳುತ್ತದೆ. ಅದು ಕ್ರಮೇಣ ಥೋರಿಯಮ್ಮಾಗಿ ಮಾರ್ಪಡುವ ಪ್ರಮಾಣದಿಂದ ಮೂಳೆಯ ಕನಿಷ್ಠ ವಯಸ್ಸು ತಿಳಿಯುತ್ತದೆ. ಮಣ್ಣಿನ ಖನಿಜಕಣಗಳಾದರೋ ತಾವು ಕಟ್ಟಕಡೆಗೆ ಬಿಸಿಲನ್ನು ಕಂಡ ಕಾಲವನ್ನು ಸೂಚಿಸುತ್ತವೆ. ಇಂತಹ ಪ್ರಮಾಣಗಳನ್ನು ಸ್ತರಗಳೊಡನೆ ಹೊಂದಿಸಿ, 2016ರಲ್ಲಿ ಅಸ್ಥಿಗಳಿಗೆ 1,00,000ದಿಂದ 60,000, ಆ ಜಾತಿಯವೆನ್ನಲಾದ ಕಲ್ಲಿನ ಆಯುಧಗಳಿಗೆ 1,90,000ದಿಂದ 50,000 ವರ್ಷಗಳ ಕಾಲವನ್ನು ಪ್ರಕಟಿಸಿದರು. ದೀರ್ಘಕಾಲದ ನೆರೆವಾಸದ ಕಥೆಗೆ ಆಧಾರ ತಪ್ಪಿತು. ಇಬ್ಬರೂ ಎಂದಾದರೂ ಸಂಧಿಸಿದರೇ ಎಂಬ ಪ್ರಶ್ನೆ ಮಾತ್ರ ಉಳಿದಿದೆ.

ಮೊದಲಿನ ಇದ್ದಲಿನ ಗಣನೆಯು ಸುಳ್ಳಾಗಿರಲಿಲ್ಲವೆಂಬುದು ಗಮನಾರ್ಹ. ತಪ್ಪಿದುದು ಗಣಿತವಲ್ಲ, ಅನ್ವಯ. ಹಳೆಯ ಓಲೆಯ ಕಟ್ಟಿನ ನಡುವೆ ಸೇರಿಕೊಂಡ ಹೊಸ ಗರಿಯ ಕಾಲವನ್ನು ಮೂಲಗ್ರಂಥಕ್ಕೆ ಹೇಳಲಾಗದೆಂಬುದನ್ನು ಪಾಠಪರಿಷ್ಕರಣದಲ್ಲಿ ಪಳಗಿದವರು ಬಲ್ಲರು. ಗುಹೆಯ ಮಣ್ಣಿಗೂ ಅದೇ ನ್ಯಾಯವು ಸಲ್ಲುತ್ತದೆ.