ಲೋಟದಲ್ಲಿ ಅಡಗಿರುವ ಗೋಧಿ



ಕೆಲವು ಕಾಲದ ಹಿಂದೆ ನಮಗೆ ಪರಿಚಿತವಾದ ಮನೆಯೊಂದಕ್ಕೆ ನಾವು ಹೋಗಿದ್ದೆವು. ಆ ಮನೆಯ ಎಂಟು ವರ್ಷದ ಬಾಲಕಿಗೆ ಸೀಲಿಯಾಕ್ ಎಂಬ ಕಾಯಿಲೆ ಇದೆಯೆಂದು ವೈದ್ಯರು ತಿಳಿಸಿ ಒಂದು ವರ್ಷ ಕಳೆದಿತ್ತು. ಗೋಧಿ ಮಗುವಿನ ಮೈಗೆ ಆಗದೆಂದು ತಿಳಿದ ದಿನದಿಂದಲೇ ತಾಯಿಯು ಚಪಾತಿ, ಬ್ರೆಡ್ಡು, ಬಿಸ್ಕತ್ತುಗಳನ್ನು ಮನೆಯಿಂದ ಹೊರಹಾಕಿದ್ದರು. ಯಾರೋ ಹೇಳಿದರೆಂದು ಸಾಬೂನು, ಪೌಡರು, ಶಾಂಪೂಗಳನ್ನೂ ಬದಲಾಯಿಸಿದ್ದರು. ಇಷ್ಟಾದರೂ ಮಗುವಿನ ಹೊಟ್ಟೆಯುಬ್ಬರ ಇಳಿದಿರಲಿಲ್ಲ, ತೂಕವೂ ಏರಿರಲಿಲ್ಲ. ಕೊನೆಗೊಂದು ದಿನ ವೈದ್ಯರು, "ಅಮ್ಮಾ, ಮಲಗುವ ಮೊದಲು ಮಗುವಿಗೆ ಏನು ಕುಡಿಸುತ್ತೀರಿ?" ಎಂದು ಕೇಳಿದರಂತೆ. "ಊಟ ಸರಿಯಾಗಿ ಮಾಡುವುದಿಲ್ಲ ಡಾಕ್ಟ್ರೇ, ಶಕ್ತಿ ಬರಲೆಂದು ಹಾಲಿಗೆ ಮಾಲ್ಟ್ ಪುಡಿ ಹಾಕಿ ಕೊಡುತ್ತೇನೆ" ಎಂಬುದು ತಾಯಿಯ ಉತ್ತರ. ಮನೆಗೆ ಬಂದು ಡಬ್ಬಿಯನ್ನು ತಿರುಗಿಸಿ ನೋಡಿದರೆ ಅದರಲ್ಲಿದ್ದ ಮುಖ್ಯ ಪದಾರ್ಥಗಳೇ ಬಾರ್ಲಿ ಮತ್ತು ಗೋಧಿ!

"ಒಂದು ವರ್ಷ ನನ್ನ ಕೈಯಾರೆ ಕೊಟ್ಟೆನಲ್ಲಾ" ಎಂದು ಆ ತಾಯಿ ನಮ್ಮೆದುರು ಕಣ್ಣೀರಿಟ್ಟರು. ಅವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಶ್ರದ್ಧೆಗೂ ಕೊರತೆಯಿರಲಿಲ್ಲ. ಭಯಪಡಬೇಕಾದುದು ಯಾವುದಕ್ಕೆ, ಬೇಡವಾದುದು ಯಾವುದಕ್ಕೆ ಎಂಬ ತಿಳುವಳಿಕೆಯನ್ನು ಯಾರೂ ಅವರಿಗೆ ಕೊಟ್ಟಿರಲಿಲ್ಲ, ಅಷ್ಟೇ. ಆ ತಿಳುವಳಿಕೆಯನ್ನು ನಮ್ಮ ಕುಟುಂಬಗಳೊಂದಿಗೆ ಹಂಚಿಕೊಳ್ಳುವುದೇ ಈ ವಾರದ ನಮ್ಮ ಉದ್ದೇಶ.

ಗ್ಲುಟೆನ್ ಎಂದರೇನು?

ಗೋಧಿ, ಬಾರ್ಲಿ ಅಥವಾ ಜವೆಗೋಧಿ ಮತ್ತು ರೈ ಎಂಬ ಧಾನ್ಯಗಳಲ್ಲಿರುವ ಒಂದು ಬಗೆಯ ಪ್ರೋಟೀನಿಗೆ ಗ್ಲುಟೆನ್ ಎಂದು ಹೆಸರು. ಚಪಾತಿಯ ಹಿಟ್ಟು ನಾದಿದಾಗ ಅಂಟಂಟಾಗಿ ಎಳೆಯಲು ಬರುವುದು ಇದರಿಂದಲೇ. ಬಹುಪಾಲು ಜನರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಗ್ಲುಟೆನ್ ಒಳಹೊಕ್ಕಾಗ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಹಾರದ ಸತ್ವವನ್ನು ಹೀರಿಕೊಳ್ಳುವ ಬೆರಳಿನಾಕಾರದ ಸೂಕ್ಷ್ಮ ರಚನೆಗಳು ಸವೆದು ಚಪ್ಪಟೆಯಾಗುತ್ತವೆ. ಮಗು ಎಷ್ಟು ಉಂಡರೂ ಬೆಳೆಯದು. ರಕ್ತಹೀನತೆ, ಭೇದಿ, ಮೂಳೆಗಳ ದೌರ್ಬಲ್ಯ ಕಾಡುತ್ತವೆ.

ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ಜಗತ್ತಿಗೆ ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಕಾರೆಲ್ ಡಿಕ್ಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಭೀಕರ ಕ್ಷಾಮ ತಲೆದೋರಿ ಬ್ರೆಡ್ಡು ಸಿಗದಾಯಿತು. ಮೊದಲೇ ಗೋಧಿಯ ಮೇಲೆ ಸಂಶಯವಿದ್ದ ಡಿಕ್ಕೆಯವರಿಗೆ ಈ ಕಾಲದ ಅನುಭವವು ಅದನ್ನು ಇನ್ನಷ್ಟು ದೃಢಪಡಿಸಿತು. 1950ರಲ್ಲಿ ಅವರು ತಮ್ಮ ಮಹಾಪ್ರಬಂಧದಲ್ಲಿ ಇದನ್ನು ನಿರೂಪಿಸಿದರು.

ನಮ್ಮ ದೇಶದಲ್ಲಿ ಗೋಧಿ ಹೆಚ್ಚಾಗಿ ಉಣ್ಣುವ ಉತ್ತರದಲ್ಲಿ ಈ ಕಾಯಿಲೆ ಹೆಚ್ಚು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದನ್ನು ಸೂಚಿಸುವ ಪ್ರತಿಕಾಯಗಳು ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ 1.23ರಷ್ಟು, ದಕ್ಷಿಣದಲ್ಲಿ ನೂರಕ್ಕೆ 0.10ರಷ್ಟು ಮಂದಿಯಲ್ಲಿ ಕಂಡುಬಂದವು. ನಮ್ಮಲ್ಲಿ ಅಪರೂಪ ಎಂಬುದು ಸಮಾಧಾನದ ಮಾತಾದರೂ, ಅಪರೂಪವಾದುದರಿಂದಲೇ ಅದರ ನೆನಪು ಯಾರಿಗೂ ಬೇಗ ಬರುವುದಿಲ್ಲ. ಕಾಯಿಲೆ ಬಂದ ಮನೆಯು ಒಂಟಿಯಾಗಿ ಒದ್ದಾಡಬೇಕಾಗುತ್ತದೆ.

ಎಷ್ಟು ಅಲ್ಪ ಪ್ರಮಾಣ ಸಾಕು ಎಂಬುದನ್ನೂ ತಿಳಿಯಬೇಕು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ನನ್ನು ಮೂರು ತಿಂಗಳು ಸೇವಿಸಿದರೆ ಕರುಳಿಗೆ ಹಾನಿಯಾಗುತ್ತದೆಂದು 2007ರಲ್ಲಿ ಇಟಲಿಯ ಸಂಶೋಧಕರು ತೋರಿಸಿದ್ದಾರೆ. ಒಂದೇ ಒಂದು ಗ್ರಾಂ ಮೈದಾದಲ್ಲಿ ಇದಕ್ಕಿಂತ ಹೆಚ್ಚು ಗ್ಲುಟೆನ್ ಇರುತ್ತದೆ.

ಕುಡಿಯುವ ಪದಾರ್ಥಗಳು

ತಿನ್ನುವ ವಸ್ತುವಿನಲ್ಲಿ ಗೋಧಿಯನ್ನು ಗುರುತಿಸುವುದು ಸುಲಭ, ಕುಡಿಯುವುದರಲ್ಲಿ ಕಷ್ಟ. ಇವುಗಳಲ್ಲಿ ಮೊದಲು ಗಮನಿಸಬೇಕಾದುದು ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳು. ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಬಿಡಿಯಾಗಿ ಮಾಲ್ಟ್ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ಬಾರ್ಲಿಯದು. 1883ರಲ್ಲಿ ಹಾರ್ಲಿಕ್ ಸಹೋದರರು ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಮಾಲ್ಟೆಡ್ ಹಾಲಿನ ಪುಡಿಯು ಗೋಧಿ, ಬಾರ್ಲಿ ಮಾಲ್ಟ್ ಮತ್ತು ಹಾಲು ಸೇರಿದ್ದಾಗಿತ್ತು; ಈ ಜಾತಿಯ ಪೇಯಗಳ ಮೂಲ ಲಕ್ಷಣ ಇಂದಿಗೂ ಅದೇ. ಆರೋಗ್ಯವಂತರಿಗೆ ಅದರಿಂದ ದೋಷವಿಲ್ಲ. ಸೀಲಿಯಾಕ್ ಇರುವ ಮಗುವಿಗೆ ಮಾತ್ರ ಅದು ಸಲ್ಲದು.

ಇಲ್ಲಿ ನಮ್ಮ ನಾಡಿನ ರಾಗಿ ಮಾಲ್ಟಿನ ಬಗೆಗೆ ಒಂದು ಮಾತು. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಮನೆಯಲ್ಲೇ ರಾಗಿ ಮೊಳಕೆ ಕಟ್ಟಿ, ಹುರಿದು, ಬೀಸಿದ ಹಿಟ್ಟಿನ ಗಂಜಿಯು ಇಂತಹ ಮಕ್ಕಳಿಗೆ ಉತ್ತಮ ಆಹಾರ. ಆದರೆ ಅಂಗಡಿಯ ರಾಗಿ ಮಾಲ್ಟಿನಲ್ಲಿ ಗೋಧಿ ಅಥವಾ ಬಾರ್ಲಿ ಬೆರೆತಿರಬಹುದು. ಪೊಟ್ಟಣದ ಹಿಂಬದಿಯನ್ನು ಓದಿಯೇ ಕೊಳ್ಳಬೇಕು. ಗಿರಣಿಯಲ್ಲಿ ಬೀಸಿಸುವುದಾದರೆ, ಗೋಧಿ ಬೀಸಿದ ಕಲ್ಲಿನಲ್ಲಿಯೇ ರಾಗಿ ಬೀಸಿದಾಗ ಗೋಧಿಯ ಹಿಟ್ಟು ಅದರಲ್ಲಿ ಸೇರುತ್ತದೆ. ಆದುದರಿಂದ ಮನೆಯ ಮಿಕ್ಸಿಯೇ ಮೇಲು.

ಜ್ವರ ಬಂದಾಗ, ಉರಿಮೂತ್ರ ಕಾಡಿದಾಗ, ಬಸುರಿಯರ ಕಾಲು ಊದಿದಾಗ ನಮ್ಮ ಹಿರಿಯರು ಕೊಡುವ ಬಾರ್ಲಿ ನೀರೂ ಈ ಕಾಯಿಲೆಯವರಿಗೆ ವರ್ಜ್ಯ. ಮಜ್ಜಿಗೆಯು ನಿರಪಾಯಕರವಾದರೂ ಅದಕ್ಕೆ ಹಾಕುವ ಇಂಗನ್ನು ಪರೀಕ್ಷಿಸಬೇಕು. ಅಂಗಡಿಯಲ್ಲಿ ಸಿಗುವ ಇಂಗು ಶುದ್ಧ ಇಂಗಲ್ಲ. ಅದಕ್ಕೆ ಗೋಂದು ಮತ್ತು ಹಿಟ್ಟನ್ನು ಬೆರೆಸಿರುತ್ತಾರೆ. ಆ ಹಿಟ್ಟು ಅನೇಕ ಸಲ ಮೈದಾ. ಕೆಲವರು ಅಕ್ಕಿಹಿಟ್ಟು ಬೆರೆಸುವುದೂ ಉಂಟು. ಚಿಟಿಕೆಯಷ್ಟೇ ಆದರೂ ಸಾರು, ಉಪ್ಪಿನಕಾಯಿ, ಮಜ್ಜಿಗೆ ಎಂದು ನಿತ್ಯವೂ ಒಳಗೆ ಹೋಗುವ ವಸ್ತು ಅದು.

ಹಾಗೆಂದು ಎಲ್ಲಕ್ಕೂ ಅಂಜಬೇಕಾಗಿಲ್ಲ. ಎಳನೀರು, ಕಬ್ಬಿನ ಹಾಲು, ಹಣ್ಣಿನ ರಸ, ಹಾಲು, ಬರಿಯ ಚಹಾ, ಫಿಲ್ಟರ್ ಕಾಫಿ ಇವುಗಳಲ್ಲಿ ಗ್ಲುಟೆನ್ ಇಲ್ಲ. ಕಾಫಿಗೆ ಬೆರೆಸುವ ಚಿಕೋರಿಯು ಒಂದು ಗಿಡದ ಬೇರು. ಮಾಲ್ಟೋಡೆಕ್ಸ್ಟ್ರಿನ್ ಎಂಬ ಹೆಸರು ಕಂಡು ಬೆಚ್ಚಬೇಕಾಗಿಲ್ಲ. ಅದಕ್ಕೂ ಮಾಲ್ಟಿಗೂ ಸಂಬಂಧವಿಲ್ಲ.

ಕ್ರಿಸ್ಮಸ್ ವೈನಿನ ಒಂದು ಹಿಡಿ ಗೋಧಿ

ನಮ್ಮ ಕ್ರೈಸ್ತ ಮನೆಗಳಿಗೇ ವಿಶೇಷವಾದ ಒಂದು ಪಾನೀಯವನ್ನು ಇಲ್ಲಿ ಹೇಳಲೇಬೇಕು. ಕ್ರಿಸ್ಮಸ್ಸಿಗೆ ಕೆಲವು ವಾರ ಮೊದಲೇ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಈಸ್ಟ್ ಹಾಕಿ ವೈನ್ ಮಾಡುವಾಗ ಒಂದು ಹಿಡಿ ಗೋಧಿಯನ್ನೋ ಬಾರ್ಲಿಯನ್ನೋ ಸೇರಿಸುವ ವಾಡಿಕೆ ಅನೇಕ ಮನೆಗಳಲ್ಲಿದೆ. ಶುಂಠಿ ವೈನಿಗೂ ಹೀಗೆ ಹಾಕುವವರಿದ್ದಾರೆ. ಬಟ್ಟೆಯಲ್ಲಿ ಸೋಸಿದರೆ ಕಾಳು ಹೋಗಬಹುದು; ರಸದಲ್ಲಿ ಬಿಟ್ಟುಕೊಂಡ ಗ್ಲುಟೆನ್ ಹೋಗುವುದೆಂಬ ಭರವಸೆಯಿಲ್ಲ. ಹಬ್ಬದ ದಿನ ಕುಸ್ವಾರಿನ ತಟ್ಟೆಯಲ್ಲಿ ಮೈದಾದ ನೆವ್ರಿಯನ್ನು ಮುಟ್ಟದೆ ಜಾಗ್ರತೆ ವಹಿಸಿದ ಅತಿಥಿಯು, ಮನೆಯವರ ಒತ್ತಾಯಕ್ಕೆ ಕುಡಿದ ಒಂದು ಗುಟುಕು ವೈನಿನಿಂದ ಮರುದಿನ ಹಾಸಿಗೆ ಹಿಡಿಯಬಹುದು. ಗೋಧಿಯಿಲ್ಲದೆಯೂ ದ್ರಾಕ್ಷಿಯ ವೈನ್ ಚೆನ್ನಾಗಿಯೇ ಆಗುತ್ತದೆ.

ಬಿಯರನ್ನು ಬಾರ್ಲಿಯಿಂದ ಮಾಡುವುದರಿಂದ ಅದೂ ಕೂಡದು. ಬಟ್ಟಿ ಇಳಿಸಿದ ಮದ್ಯಗಳಲ್ಲಿ ಪ್ರೋಟೀನು ಹಿಂದೆಯೇ ಉಳಿದುಬಿಡುತ್ತದೆ. ಆದರೆ ಅವುಗಳ ಇತರ ಕೆಡುಕುಗಳನ್ನು ನಾವು ಬೇರೆ ಹೇಳಬೇಕಾಗಿಲ್ಲ.

ಹಚ್ಚುವುದೂ ನುಂಗುವುದೂ

ಈಗ ಸೌಂದರ್ಯ ಸಾಧನಗಳ ವಿಷಯ. ಗ್ಲುಟೆನ್ನಿನ ಕಣ ದೊಡ್ಡದು. ಆರೋಗ್ಯವಾದ ಚರ್ಮದ ಮೂಲಕ ಅದು ಒಳಹೋಗಿ ಕರುಳನ್ನು ಕೆಡಿಸುವುದಿಲ್ಲ. ಆ ತಾಯಿ ಎಸೆದ ಸಾಬೂನು, ಶಾಂಪೂಗಳಿಂದ ಮಗುವಿನ ಕರುಳಿಗೆ ಹಾನಿಯಾಗುತ್ತಿರಲಿಲ್ಲ. ಗಮನಿಸಬೇಕಾದುದು ಬಾಯಿಗೆ ಹೋಗುವ ವಸ್ತುಗಳನ್ನು: ಲಿಪ್‌ಸ್ಟಿಕ್, ತುಟಿ ಒಡೆದಾಗ ಹಚ್ಚುವ ಮುಲಾಮು, ಟೂತ್‌ಪೇಸ್ಟ್, ಬಾಯಿ ಮುಕ್ಕಳಿಸುವ ಔಷಧಿ, ಮತ್ತು ಬೆರಳು ಚೀಪುವ ಮಕ್ಕಳ ಕೈಗೆ ಹಚ್ಚುವ ಕ್ರೀಮು.

ಆಹಾರದ ಪೊಟ್ಟಣದಲ್ಲಿರುವಂತೆ ಇವುಗಳ ಮೇಲೆ ಗೋಧಿಯೆಂದು ನೇರವಾಗಿ ಬರೆದಿರುವುದು ಕಡಿಮೆ. ಸಸ್ಯಶಾಸ್ತ್ರದ ಹೆಸರುಗಳನ್ನು ಹುಡುಕಬೇಕು. ಟ್ರಿಟಿಕಮ್ ವಲ್ಗೇರ್ ಎಂದರೆ ಗೋಧಿ, ಹಾರ್ಡಿಯಮ್ ವಲ್ಗೇರ್ ಎಂದರೆ ಬಾರ್ಲಿ, ಸಿಕೇಲ್ ಸೀರಿಯೇಲ್ ಎಂದರೆ ರೈ. ಹೈಡ್ರೊಲೈಸ್ಡ್ ವೀಟ್ ಪ್ರೊಟೀನ್ ಎಂದಿದ್ದರೆ ಅದು ಗೋಧಿಯ ಪ್ರೋಟೀನೇ.

ಇಲ್ಲಿಯೂ ಪ್ರಮಾಣವನ್ನು ಮರೆಯಬಾರದು. ಒಂದು ಲಿಪ್‌ಸ್ಟಿಕ್ ಸುಮಾರು 4 ಗ್ರಾಂ ತೂಗುತ್ತದೆ ಎನ್ನೋಣ. ಮೂರು ತಿಂಗಳಲ್ಲಿ ಅಷ್ಟನ್ನೂ ನುಂಗಿದರೂ ದಿನಕ್ಕೆ 45 ಮಿಲಿಗ್ರಾಂ ಮೀರದು. ಅದರಲ್ಲಿ ನೂರಕ್ಕೆ ಒಂದು ಪಾಲು ಗೋಧಿಯ ಪ್ರೋಟೀನ್ ಇದ್ದರೂ ಅರ್ಧ ಮಿಲಿಗ್ರಾಂ ಆಗದು. ಗೋಧಿಯಿಲ್ಲದ ಲಿಪ್‌ಸ್ಟಿಕ್ ಸಿಕ್ಕರೆ ಅದನ್ನೇ ಆರಿಸೋಣ. ಆದರೆ ಅದರ ಚಿಂತೆಯಲ್ಲಿ ಲೋಟವನ್ನು ಮರೆಯದಿರೋಣ.

ಗೋಧಿಯ ಅಲರ್ಜಿ ಎಂಬುದು ಬೇರೆಯೇ ಕಾಯಿಲೆ. ಜಪಾನಿನಲ್ಲಿ ಗೋಧಿಯ ಪ್ರೋಟೀನು ಬೆರೆಸಿದ ಮುಖದ ಸಾಬೂನೊಂದನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಗೋಧಿಯ ಅಲರ್ಜಿ ಕಾಣಿಸಿಕೊಂಡು, 2011ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಆದುದರಿಂದ ಯಾವುದನ್ನು ಹಚ್ಚಿದಾಗ ಚರ್ಮ ತುರಿಸಿದರೂ ಬಾತುಕೊಂಡರೂ ಅದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಪರಮಪ್ರಸಾದದ ಪ್ರಶ್ನೆ

"ನಮ್ಮ ಮಗಳು ಪ್ರಥಮ ಪರಮಪ್ರಸಾದ ಸ್ವೀಕರಿಸುವುದು ಹೇಗೆ?" ಇದು ಆ ತಾಯಿಯ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊರೆಯುತ್ತಿದ್ದ ಪ್ರಶ್ನೆ. ಧರ್ಮಸಭೆಯ ಕಾನೂನಿನ 924ನೆಯ ವಿಧಿಯಂತೆ ಬಲಿಪೂಜೆಯ ರೊಟ್ಟಿಯು ಗೋಧಿಯದೇ ಆಗಿರಬೇಕು. ಈ ವಿಷಯವಾಗಿ 2003ರ ಜುಲೈ 24ರಂದು ಕಾರ್ಡಿನಲ್ ಜೋಸೆಫ್ ರಾಟ್ಸಿಂಗರ್ ಅವರು, ಮುಂದೆ ಹದಿನಾರನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪರಾದವರು, ವ್ಯಾಟಿಕನ್ನಿನಿಂದ ಧರ್ಮಾಧ್ಯಕ್ಷರುಗಳ ಪರಿಷತ್ತುಗಳಿಗೆ ಪತ್ರ ಬರೆದರು. ಗ್ಲುಟೆನ್ ಸಂಪೂರ್ಣವಾಗಿ ಇಲ್ಲದ ರೊಟ್ಟಿ ಸಲ್ಲದು, ಆದರೆ ಬಹಳ ಕಡಿಮೆ ಗ್ಲುಟೆನ್ ಇರುವ ರೊಟ್ಟಿ ಸಲ್ಲುತ್ತದೆ ಎಂಬುದು ಅದರ ಸಾರಾಂಶ. 2017ರಲ್ಲಿಯೂ ರೋಮ್ ಇದನ್ನೇ ಮತ್ತೆ ನೆನಪಿಸಿತು. ಅಮೆರಿಕದ ಮಿಸ್ಸೂರಿಯ ಬೆನೆಡಿಕ್ಟಿನ್ ಧರ್ಮಭಗಿನಿಯರು ನೂರಕ್ಕೆ 0.01ರಷ್ಟು ಮಾತ್ರ ಗ್ಲುಟೆನ್ ಇರುವ ರೊಟ್ಟಿಯನ್ನು ತಯಾರಿಸುತ್ತಾರೆ. ಅದನ್ನು ಸ್ವೀಕರಿಸಬಹುದೇ ಎಂಬುದನ್ನು ವೈದ್ಯರಲ್ಲಿ ವಿಚಾರಿಸಬೇಕು.

ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಲು ಅವಕಾಶವಿದೆಯೆಂದು ಅದೇ ಪತ್ರವು ಹೇಳುತ್ತದೆ. ಪೂಜೆಯ ದ್ರಾಕ್ಷಾರಸವು ದ್ರಾಕ್ಷಿಯದೇ ಆಗಿರಬೇಕಾದುದರಿಂದ ಮನೆಯ ವೈನಿನಂತೆ ಅದರಲ್ಲಿ ಗೋಧಿಯಿರುವುದಿಲ್ಲ. ಆದರೆ ಗುರುಗಳ ಪಾನಪಾತ್ರೆಯಲ್ಲಿ ರೊಟ್ಟಿಯ ಒಂದು ತುಣುಕನ್ನು ಹಾಕುವ ಕ್ರಮವಿರುವುದರಿಂದ ಇಂತಹವರಿಗಾಗಿ ಬೇರೆ ಪಾತ್ರೆ ಇರಬೇಕು. ಎರಡರಲ್ಲಿ ಯಾವ ಒಂದು ರೂಪದಲ್ಲಿಯೂ ಕ್ರಿಸ್ತರು ಸಂಪೂರ್ಣವಾಗಿ ಇದ್ದಾರೆಂಬುದು ಧರ್ಮಸಭೆಯ ಬೋಧನೆ. ತನಗೆ ಸಿಕ್ಕಿದ್ದು ಕಡಿಮೆಯೆಂದು ಯಾವ ಮಗುವೂ ಕೊರಗಬೇಕಾಗಿಲ್ಲ. ಹೆತ್ತವರು ಸಂಕೋಚಪಡದೆ ಧರ್ಮಕೇಂದ್ರದ ಗುರುಗಳೊಡನೆ ಮೊದಲೇ ಮಾತನಾಡಬೇಕು.

ನಾವು ಮಾಡಬೇಕಾದುದು

ಸಂಶಯ ಬಂದ ಮಾತ್ರಕ್ಕೆ ಗೋಧಿಯನ್ನು ನಿಲ್ಲಿಸಬಾರದು. ಮೊದಲು ರಕ್ತಪರೀಕ್ಷೆ, ಅಗತ್ಯವಿದ್ದರೆ ಕರುಳಿನ ಪರೀಕ್ಷೆ ಆಗಬೇಕು. ಮೊದಲೇ ನಿಲ್ಲಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು. ಒಬ್ಬರಿಗೆ ಇದೆಯೆಂದು ತಿಳಿದರೆ ಒಡಹುಟ್ಟಿದವರನ್ನೂ ಹೆತ್ತವರನ್ನೂ ಪರೀಕ್ಷಿಸುವುದು ಒಳಿತು. ಪಥ್ಯವು ಜೀವನಪರ್ಯಂತದ್ದು.

ಕೊಳ್ಳುವಾಗ ಪೊಟ್ಟಣವನ್ನು ಓದೋಣ. 2020ರ ಕೇಂದ್ರ ಆಹಾರ ನಿಯಮಗಳಂತೆ ಗೋಧಿ, ಬಾರ್ಲಿ, ರೈ, ಓಟ್ಸ್ ಇದ್ದರೆ ಪೊಟ್ಟಣದ ಮೇಲೆ ತಿಳಿಸಬೇಕು. ಕಿಲೋವೊಂದಕ್ಕೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟೆನ್ ರಹಿತ ಎನ್ನಬಹುದು. ಪದಾರ್ಥಗಳು ಬದಲಾಗುವುದುಂಟು, ಪ್ರತಿ ಸಲವೂ ಓದಬೇಕು. ಮನೆಯಲ್ಲಿ ಅಂತಹ ಮಗುವಿಗೆ ಪ್ರತ್ಯೇಕ ಚಮಚ, ಜರಡಿ, ಡಬ್ಬಿಗಳಿರಲಿ. ಮಾಲ್ಟ್ ಪುಡಿಯ ಚಮಚವನ್ನೇ ಸಕ್ಕರೆಯ ಡಬ್ಬಿಗೆ ಅದ್ದಿದರೆ ಪಥ್ಯವೆಲ್ಲ ವ್ಯರ್ಥ.

ಬೇರೆಯವರ ಮನೆಯ ಮಗುವಾದರೆ ನಮ್ಮ ಕರ್ತವ್ಯವೂ ಇದೆ. ಮದುವೆಯಲ್ಲೋ ವಾಳೆಯ ಕೂಟದಲ್ಲೋ "ಒಂದು ಲೋಟ ಕುಡಿದರೆ ಏನಾಗುತ್ತದೆ?" ಎಂದು ಒತ್ತಾಯಿಸುವ ಬದಲು "ಇದರಲ್ಲಿ ಇಂತಿಂಥದ್ದು ಹಾಕಿದ್ದೇವೆ" ಎಂದು ಹೇಳಿದರೆ ಅದಕ್ಕಿಂತ ದೊಡ್ಡ ಸತ್ಕಾರವಿಲ್ಲ.

ಆ ಬಾಲಕಿ ಈಗ ರಾತ್ರಿ ರಾಗಿಯ ಗಂಜಿ ಕುಡಿಯುತ್ತಾಳೆ. ಮೊನ್ನೆ ನಾವು ಹೋದಾಗ, ಕಳೆದ ವರ್ಷದ ಲಂಗ ಗಿಡ್ಡವಾಯಿತೆಂದು ತಾಯಿಯು ಅದರ ಅಂಚನ್ನು ಬಿಚ್ಚಿ ಉದ್ದ ಮಾಡುತ್ತಿದ್ದರು. ಕೆಲಸ ನಿಲ್ಲಿಸದೆಯೇ ನಮ್ಮತ್ತ ನೋಡಿ ನಕ್ಕರು.