ಹನ್ನೊಂದು ಸಾಲಿನಲ್ಲಿ ಹಿಡಿಸದ ಅವ್ವ

ನಮ್ಮ ಸಿಎಸ್‌ಐ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣಿಗಿಡುವ ಮೊದಲು ನಡೆಯುವ ಆರಾಧನೆಯಲ್ಲಿ ಅವರದೊಂದು ಚಿಕ್ಕ ಜೀವನ ಚರಿತ್ರೆ ಓದುತ್ತಾರೆ. ಹುಟ್ಟಿದ್ದು ಎಲ್ಲಿ, ದೀಕ್ಷಾಸ್ನಾನ ಯಾವಾಗ, ಓದು, ನೌಕರಿ, ಮದುವೆ, ಮಕ್ಕಳು, ನಿವೃತ್ತಿ, ಕಡೆಗೆ ಕಾಯಿಲೆ. ಮನೆಯವರೇ ಬರೆದುಕೊಡಬೇಕು. ಹೆಡ್‌ಮಾಸ್ತರ್ ಆಗಿದ್ದವರದು, ಬ್ಯಾಂಕಿನಲ್ಲಿದ್ದವರದು ಎರಡೆರಡು ಪುಟ ಆಗುತ್ತದೆ. ಯಾವ ವರ್ಷ ಯಾವ ಊರಿಗೆ ವರ್ಗ, ಯಾವಾಗ ಬಡ್ತಿ, ಯಾರು ಶಾಲು ಹೊದಿಸಿದರು, ಎಲ್ಲ ಬರುತ್ತದೆ. ನನ್ನ ಅವ್ವನದು ಹನ್ನೊಂದು ಸಾಲಿಗೆ ಮುಗಿಯಿತು. ನೌಕರಿ ಅನ್ನುವ ಜಾಗದಲ್ಲಿ ‘ಗೃಹಿಣಿ’ ಅಂತ ಬರೆದೆ. ಅದರ ಮುಂದೆ ಏನೂ ಬರೆಯುವಂತಿರಲಿಲ್ಲ. ಗೃಹಿಣಿಗೆ ವರ್ಗ ಇಲ್ಲ, ಬಡ್ತಿ ಇಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ.

ಆ ಹನ್ನೊಂದು ಸಾಲಿನಲ್ಲಿ ಬರದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವ್ವ ಹುಟ್ಟಿದ್ದು ಗದಗ-ಬೆಟಗೇರಿಯ ಒಂದು ನೇಕಾರರ ಮನೆಯಲ್ಲಿ. ಬಾಸೆಲ್ ಮಿಶನ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಿಟೆಲ್ ನಿಘಂಟು, ಮಂಗಳೂರು ಹೆಂಚು, ‘ಮಂಗಳೂರ ಸಮಾಚಾರ’. ಆದರೆ 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರ ಹೊತ್ತಿಗೆ ಬೆಟಗೇರಿಗೂ ಬಂದಿದ್ದರು. ಹಂಗಾಗಿ ನಮ್ಮ ಕಡೆಯ ಕ್ರೈಸ್ತರು ಮಾತಿನಲ್ಲಿ, ಊಟದಲ್ಲಿ ಪಕ್ಕಾ ಉತ್ತರ ಕರ್ನಾಟಕದವರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಕೈಯಲ್ಲಿ ಕನ್ನಡ ಸತ್ಯವೇದ. ಬೆಂಗಳೂರಿನ ಆಫೀಸಿನಲ್ಲಿ “ನೀವು ಮನೇಲಿ ಇಂಗ್ಲಿಷ್ ಮಾತಾಡ್ತೀರಾ?” ಅಂತ ಯಾರಾದರೂ ಕೇಳಿದಾಗ ನನಗೆ ಅವ್ವ ನೆನಪಾಗಿ ನಗು ಬರುತ್ತದೆ. ಅವಳಿಗೆ ಬೆಂಗಳೂರು ಕನ್ನಡವೇ ಪರದೇಶದ ಭಾಷೆ.

ಬೆಟಗೇರಿಯ ಮಿಶನ್ ಆಸ್ಪತ್ರೆಯನ್ನು ಜನ ಈಗಲೂ ‘ಜರ್ಮನ್ ಆಸ್ಪತ್ರೆ’ ಅಂತಲೇ ಕರೆಯುತ್ತಾರೆ. ಶಾಲೆ ಬಿಟ್ಟ ಮೇಲೆ ಅವ್ವ ಅದರ ಕಂಪೌಂಡಿನ ಹತ್ತಿರ ನಿಂತು ಬಿಳಿ ಸೀರೆಯ ಸಿಸ್ಟರ್‌ಗಳನ್ನು ನೋಡುತ್ತಿದ್ದಳಂತೆ. ಓಣಿಯಲ್ಲೇ ಇದ್ದ ಒಬ್ಬ ಸಿಸ್ಟರ್ ಅವಳಿಗೆ ಹಾಸಿಗೆಯ ಚಾದರವನ್ನು ಮೂಲೆಯಲ್ಲಿ ಓರೆಯಾಗಿ ಮಡಚಿ ಗಾದಿಯ ಕೆಳಗೆ ಸಿಗಿಸುವುದನ್ನು ಕಲಿಸಿದ್ದರು. ರೋಗಿ ಎಷ್ಟು ಹೊರಳಾಡಿದರೂ ಅದು ಕಿತ್ತು ಬರುವುದಿಲ್ಲ. ನಮ್ಮ ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ಎಲ್ಲ ಹಾಸಿಗೆಗಳ ಮೂಲೆಯೂ ಹಂಗೇ ಇರುತ್ತಿತ್ತು. ಇಸ್ತ್ರಿ ಇಲ್ಲದ ಹಳೆಯ ಚಾದರ, ಆದರೆ ಮೂಲೆ ಮಾತ್ರ ಆಸ್ಪತ್ರೆಯದ್ದು.

ಹತ್ತನೇ ಇಯತ್ತೆ ಪಾಸಾದ ಮೇಲೆ ಆಕೆ ನರ್ಸಿಂಗ್‌ಗೆ ಅರ್ಜಿ ಹಾಕಿದಳು. ಉತ್ತರ ಬರಲಿಲ್ಲ. ಹತ್ತೊಂಬತ್ತಕ್ಕೆ ಮದುವೆ, ಹುಬ್ಬಳ್ಳಿ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್.

ಅವಳ ದಿನ ನಾಲ್ಕೂವರೆಗೆ ಶುರು. ಮೊದಲು ಪ್ರಾರ್ಥನೆ, ಆಮೇಲೆ ಒಲೆ. ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ ಕ್ಯಾಲೆಂಡರೇ ಅವಳ ಪ್ರಾರ್ಥನೆಯ ಪುಸ್ತಕ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು, ಭಿಶಿಯ ಕಂತು ಬರೆಯುವ ಅದೇ ಚೌಕಗಳಲ್ಲಿ ಯಾರಿಗಾಗಿ ಪ್ರಾರ್ಥಿಸಬೇಕು ಅನ್ನುವುದೂ ಇರುತ್ತಿತ್ತು. ‘ಮೇಲಿನ ಮನಿ ಹುಡುಗ, ಗಣಿತ ಪರೀಕ್ಷಾ.’ ‘ಟೇಲರ್ ಕಣ್ಣಿನ ಆಪರೇಶನ್.’ ಒಂದು ವಾರಪೂರ್ತಿ ‘ಹಾಲಿನವನ ಎಮ್ಮಿ’ ಅಂತ ಬರೆದಿತ್ತು. “ಎಮ್ಮಿ ಸಲುವಾಗಿನೂ ಪ್ರಾರ್ಥನಾ ಮಾಡ್ತಿ ಏನವ್ವಾ?” ಅಂತ ನಾನು ನಕ್ಕಿದ್ದಕ್ಕೆ, “ಅವನ ಮನ್ಯಾಗ ಐದು ಮಂದಿ ಆ ಎಮ್ಮಿ ಮ್ಯಾಲನ ಅದಾರ. ಬರೇ ಎಮ್ಮಿ ಅಂತೀಯಲ್ಲ,” ಅಂದಳು. ಎಮ್ಮೆ ಬದುಕಿತು. ಅದಕ್ಕೆ ವೆಟರ್ನರಿ ಡಾಕ್ಟರೂ ಕಾರಣ ಅನ್ನುವುದು ಅವ್ವನಿಗೆ ಗೊತ್ತಿತ್ತು. ಆ ಡಾಕ್ಟರಿಗೆ ಕೊಡಲು ಇನ್ನೂರು ರೂಪಾಯಿ ಕೊಟ್ಟವಳೂ ಇವಳೇ.

ಅಡುಗೆಗೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಹಳೆಯ ಡಾಲ್ಡಾ ಡಬ್ಬಿಗೆ ಹಾಕುತ್ತಿದ್ದಳು. ಅದು ದೇವರ ಪಾಲು. ತಿಂಗಳಿಗೊಮ್ಮೆ ಅದು ಸಭೆಯ ಹೆಂಗಸರ ಕೂಟಕ್ಕೆ ಹೋಗಿ, ಅಲ್ಲಿಂದ ಯಾವುದೋ ವಿಧವೆಯ ಮನೆಗೆ ಹೋಗುತ್ತಿತ್ತು. ಇಂಥ ಹಿಡಿ ಅಕ್ಕಿಯನ್ನು ಸಣ್ಣದು ಅಂದುಕೊಳ್ಳಬೇಡಿ. ಮಿಜೋರಾಂನ ಪ್ರೆಸ್ಬಿಟೇರಿಯನ್ ಹೆಂಗಸರು 1910ರ ಸುಮಾರಿಗೆ ಇದೇ ರೀತಿ ಹಿಡಿ ಅಕ್ಕಿ ತೆಗೆದಿಡಲು ಶುರು ಮಾಡಿದರು. ಇವತ್ತು ಅದರಿಂದ ಅಲ್ಲಿನ ಸಭೆಗೆ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಬರುತ್ತದೆ. ಅವ್ವನಿಗೆ ಇದನ್ನು ಮೊಬೈಲಿನಲ್ಲಿ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅವರ ಹಿಡಿ ಎಷ್ಟ ದೊಡ್ಡದಿರತೈತಿ?”

ಕ್ರಿಸ್‌ಮಸ್ ಬಂತೆಂದರೆ ಕರ್ಚಿಕಾಯಿ, ಶಂಕರಪಾಳಿ, ಚಕ್ಕಲಿ. ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ ಟ್ರೇ ಹೊತ್ತುಕೊಂಡು ಬೇಕರಿಗೆ ಹೋಗಿ ಬೇಯಿಸಿಕೊಂಡು ಬರುವುದು. ರಾತ್ರಿ ಎರಡು ಗಂಟೆಗೆ ಹಾಡುತ್ತ ಬರುವ ಹುಡುಗರಿಗೆ ಚುರಮುರಿ ಸೂಸಲಾ, ಚಹಾ. ಇಪ್ಪತ್ತೈದರ ಬೆಳಿಗ್ಗೆ ಓಣಿಯ ಎಲ್ಲ ಮನೆಗೂ ತಾಟು. ದೀಪಾವಳಿಗೆ, ರಮ್ಜಾನಿಗೆ ಅದೇ ತಾಟುಗಳು ತುಂಬಿ ಬರುತ್ತಿದ್ದವು. ಬಂದ ತಾಟನ್ನು ಖಾಲಿ ಕಳಿಸಬಾರದು, ಏನಿಲ್ಲವೆಂದರೂ ಒಂದು ಚಿಟಿಕೆ ಸಕ್ಕರೆ ಇಡಬೇಕು. ಇದೆಲ್ಲ ನಿಮ್ಮ ಮನೆಯಲ್ಲೂ ಇದ್ದದ್ದೇ, ಹೆಚ್ಚು ಹೇಳಬೇಕಾಗಿಲ್ಲ.

ಹೇಳಬೇಕಾದದ್ದು ಆ ಹತ್ತು ತಿಂಗಳ ಕಥೆ.

ನಾನಾಗ ಒಂಬತ್ತನೇ ಇಯತ್ತೆ. ಬೆಟಗೇರಿಯಲ್ಲಿ ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ಅಜ್ಜಿಯ ಟ್ರಂಕನ್ನು ಖಾಲಿ ಮಾಡುವಾಗ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗೆ ಒಂದು ಲಕೋಟೆ ಸಿಕ್ಕಿತು. ಅವ್ವನ ಹೆಸರಿಗೆ ಬಂದಿದ್ದು. ನರ್ಸಿಂಗ್ ತರಬೇತಿಯ ಸಂದರ್ಶನಕ್ಕೆ ಬರಬೇಕೆಂದು ಕರೆದ ಪತ್ರ, ಹದಿನೇಳು ವರ್ಷ ಹಳೆಯದು. ಒಡೆದಿತ್ತು. ವೈನಿ ಅಳುತ್ತ ಹೇಳಿಬಿಟ್ಟರು: ಮಾವ, ಅಂದರೆ ಅವ್ವನ ಅಣ್ಣ, ಅದನ್ನು ಓದಿ ಮುಚ್ಚಿಟ್ಟಿದ್ದ. ಹುಡುಗಿ ನರ್ಸ್ ಆದರೆ ರಾತ್ರಿ ಪಾಳಿ ಮಾಡಬೇಕು, ವರ ಸಿಗುವುದಿಲ್ಲ ಅಂತ. ಅಜ್ಜಿಗೆ ಅದನ್ನು ಹರಿದು ಹಾಕಲು ಮನಸ್ಸು ಬಂದಿರಲಿಲ್ಲ. ಕೊಡಲು ಧೈರ್ಯವೂ ಇರಲಿಲ್ಲ ಅನಿಸುತ್ತದೆ.

ಅವ್ವ ಕೂಗಾಡಲಿಲ್ಲ. ಪತ್ರ ಮಡಚಿ ಪರ್ಸಿನಲ್ಲಿಟ್ಟುಕೊಂಡು ಹುಬ್ಬಳ್ಳಿ ಬಸ್ ಹತ್ತಿದಳು. ಬಸ್ಸಿನಲ್ಲಿ ಅಣ್ಣಿಗೇರಿ ದಾಟುವವರೆಗೂ ಮಾತಿಲ್ಲ. ಆಮೇಲೆ “ಮೊಸರು ತಂದಿಟ್ಟಾರೋ ಇಲ್ಲೋ ನಿಮ್ಮಪ್ಪ” ಅಂದಳು.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಸಾಲಾಗಿ ಮುಂದೆ ಹೋಗಿ ಮೊಣಕಾಲೂರುತ್ತಾರೆ. ಆ ಭಾನುವಾರ ಅವ್ವ ಬೆಂಚಿನಿಂದ ಏಳಲಿಲ್ಲ. ಮುಂದಿನ ತಿಂಗಳೂ ಏಳಲಿಲ್ಲ. ಚರ್ಚಿನ ಹೆಂಗಸರಿಗೆ ಇಂಥದ್ದೆಲ್ಲ ಕೂಡಲೇ ಕಾಣುತ್ತದೆ. ಮೂರನೇ ತಿಂಗಳಿಗೆ ಸಭಾಪಾಲಕರೇ ಮನೆಗೆ ಬಂದರು. ಅವ್ವ ಅವರಿಗೆ ಚಹಾ ಕೊಟ್ಟು, ನೇರವಾಗಿ ಹೇಳಿದಳು: “ಪಾಸ್ಟರೇ, ಮತ್ತಾಯನ ಸುವಾರ್ತೆ ಐದನೇ ಅಧ್ಯಾಯ ನೀವ ಓದಿ ಹೇಳೀರಿ. ಅಣ್ಣನ ಜೋಡಿ ಸರಿ ಇಲ್ಲದ ಕಾಣಿಕಿ ತರಬಾರದು ಅಂತ. ನಾ ಸರಿ ಇಲ್ರಿ. ಸುಳ್ಳ ಯಾಕ ಮೊಣಕಾಲೂರಲಿ?”

ಅವರು ಕ್ಷಮೆಯ ಬಗ್ಗೆ ಮಾತಾಡಿದರು, ಪ್ರಾರ್ಥಿಸಿ ಹೋದರು. ಅವ್ವ ದಿನವೂ ನಾಲ್ಕೂವರೆಗೆ ಏಳುವುದನ್ನು ಬಿಡಲಿಲ್ಲ, ಹಿಡಿ ಅಕ್ಕಿ ಬಿಡಲಿಲ್ಲ, ಭಾನುವಾರ ಬಿಡಲಿಲ್ಲ. ಮುಂದೆ ಹೋಗುವುದನ್ನಷ್ಟೇ ಬಿಟ್ಟಿದ್ದಳು. ಭಕ್ತಿ ಅಂದಕೂಡಲೇ ನನಗೆ ಈಗಲೂ ಕಣ್ಣಿಗೆ ಬರುವುದು ಇದು: ಎಲ್ಲರೂ ಎದ್ದು ಹೋದ ಮೇಲೆ ಖಾಲಿ ಬೆಂಚಿನಲ್ಲಿ ಒಬ್ಬಳೇ ಕುಳಿತ ಹೆಂಗಸು, ತಲೆ ಮೇಲೆ ಸೆರಗು, ತೊಡೆಯ ಮೇಲೆ ಹಾಡಿನ ಪುಸ್ತಕ.

ಹತ್ತನೇ ತಿಂಗಳಿಗೆ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಸುದ್ದಿ ಬಂದ ಸಂಜೆಯೇ ಅವ್ವ ನಾಲ್ಕು ಸೀರೆ ಚೀಲಕ್ಕೆ ತುಂಬಿಕೊಂಡು ಹೊರಟಳು. ಐದು ವಾರ ಬೆಟಗೇರಿಯಲ್ಲಿದ್ದಳು. ಎರಡು ತಾಸಿಗೊಮ್ಮೆ ಅವನನ್ನು ಮಗ್ಗುಲು ಬದಲಾಯಿಸುವುದು, ಬೆನ್ನಿಗೆ ಪೌಡರು, ಗಂಜಿ, ಮಲ-ಮೂತ್ರ ಎಲ್ಲ. ಒಂದು ಶನಿವಾರ ನಾನೂ ಅಪ್ಪನೂ ಹೋದಾಗ ಚಾದರದ ಮೂಲೆ ನೋಡಿದೆ, ಅದೇ ಓರೆ ಮಡಿಕೆ. ಮಾವನ ಬೆನ್ನಿನಲ್ಲಿ ಒಂದೇ ಒಂದು ಹುಣ್ಣು ಇರಲಿಲ್ಲ.

ವಾಪಸು ಬಂದ ಮೊದಲ ತಿಂಗಳ ಮೊದಲ ಭಾನುವಾರ ಅವಳು ಎದ್ದು ಮುಂದೆ ಹೋದಳು. ಮನೆಗೆ ಬಂದ ಮೇಲೆ ಕೇಳಿದೆ, “ಮಾವನ್ನ ಕ್ಷಮಾ ಮಾಡಿದ್ಯಾ?”

ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. “ಮಾಡೀನೋ ಇಲ್ಲೋ ದೇವರಿಗೆ ಗೊತ್ತ ಯವ್ವಾ. ಹಾಸಿಗಿ ಮಾಡೂದು ನನಗ ಗೊತ್ತಿತ್ತು. ಮಾಡಿ ಬಂದೆ.”

ಆ ಪತ್ರ ಏನಾಯಿತೆಂದು ಕೇಳಬೇಡಿ. ಅವ್ವ ಹೋದ ಮೇಲೆ ಎಲ್ಲ ಕಡೆ ಹುಡುಕಿದ್ದೇನೆ, ಸಿಕ್ಕಿಲ್ಲ.

ನಾನು ಎಲ್ಲ ಭಾನುವಾರ ಚರ್ಚಿಗೆ ಹೋಗುವವಳಲ್ಲ. ಅವ್ವನ ನಂಬಿಕೆಯಷ್ಟು ಗಟ್ಟಿ ನಂಬಿಕೆ ನನಗಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಕ್ರೈಸ್ತ ತಾಯಂದಿರ ಶವಸಂಸ್ಕಾರದಲ್ಲಿ ಜ್ಞಾನೋಕ್ತಿಗಳ 31ನೇ ಅಧ್ಯಾಯ ಓದುವಾಗೆಲ್ಲ ನನಗೆ ಒಂದು ತಕರಾರು. ಗುಣವತಿ ಹೆಂಡತಿ ಅಂತ ಅದನ್ನು ಮೆತ್ತಗೆ ಓದಿ ಮುಗಿಸುತ್ತಾರೆ. ಆ ಅಧ್ಯಾಯ ಸರಿಯಾಗಿ ಓದಿ ನೋಡಿ. ಆಕೆ ಬೆಳಗಾಗುವ ಮೊದಲೇ ಏಳುತ್ತಾಳೆ, ನಿಜ. ಜೊತೆಗೆ ಹೊಲ ನೋಡಿ, ವಿಚಾರ ಮಾಡಿ ಕೊಳ್ಳುತ್ತಾಳೆ, ನೇಯ್ದದ್ದನ್ನು ಮಾರುತ್ತಾಳೆ. ಪೂರ್ತಿ ವ್ಯವಹಾರಸ್ಥೆ. ನಮ್ಮ ಅವ್ವ ಹದಿನಾಲ್ಕು ವರ್ಷ ಭಿಶಿ ನಡೆಸಿ, ಅಪ್ಪನ ಪಗಾರದಲ್ಲಿ ಉಳಿಸಿ, ಕೇಶ್ವಾಪುರದ ಆಚೆ ಮೂವತ್ತು-ನಲವತ್ತರ ಒಂದು ಸೈಟು ಹಿಡಿದಳು. ನನ್ನ ಎಂಜಿನಿಯರಿಂಗ್ ಫೀಸು ಅದನ್ನು ಮಾರಿಯೇ ಕಟ್ಟಿದ್ದು. ಹನ್ನೊಂದು ಸಾಲಿನಲ್ಲಿ ಅದೂ ಇರಲಿಲ್ಲ.

ಲೆಕ್ಕದ ಮಾತು ಬಂತು ಅಂತ ಹೇಳುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಐದು ವರ್ಷದಲ್ಲಿ ಇಬ್ಬರದೂ ಕಡಿಮೆಯಾಗಿದೆ, ಅಂತರ ಹಂಗೇ ಇದೆ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅಪಘಾತದಲ್ಲಿ ಸತ್ತ ಗೃಹಿಣಿಯ ಕೆಲಸಕ್ಕೂ ಆದಾಯದ ಲೆಕ್ಕ ಹಿಡಿದು ಪರಿಹಾರ ಕೊಡಬೇಕೆಂದು ಹೇಳಿತು. ಸತ್ತ ಮೇಲಾದರೂ ಲೆಕ್ಕ ಹಾಕಿದರಲ್ಲ. ಆದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸುವ ಆ ಐದು ವಾರವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೋ.

ಅವ್ವನಿಗೆ ಕ್ಯಾನ್ಸರ್ ಗೊತ್ತಾದಾಗ ತಡವಾಗಿತ್ತು. ಏಳು ವಾರ ಆಸ್ಪತ್ರೆ. ನಾನು ಬೆಂಗಳೂರಿನಿಂದ ಬಂದು ವಾರ್ಡಿಗೆ ಹೋಗುವಷ್ಟರಲ್ಲಿ ಓಣಿಯ ಹೆಂಗಸರು ಪಾಳಿ ಪಟ್ಟಿ ಮಾಡಿಬಿಟ್ಟಿದ್ದರು, ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ. ಅದರಲ್ಲಿ ಮಗಳ ಹೆಸರು ಹೆಚ್ಚಿನ ಕಡೆ ಇರಲೇ ಇಲ್ಲ. “ನೀ ಹಗಲ ಹೊತ್ತು ಡಾಕ್ಟರ್ ಜೋಡಿ ಮಾತಾಡವಾ, ರಾತ್ರಿ ನಾವದೀವಿ,” ಅಂದರು ಎದುರು ಮನೆಯ ಗೌಡರ ಅಕ್ಕ. ಅವರ ಗಂಡನ ಕೊನೆಯ ಹದಿನೈದು ರಾತ್ರಿ ಅವ್ವ ಹೋಗಿ ಕೂತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ. ಹಿಂದಿನ ಮನೆಯ ಚಾಚಿಯದು ರಮ್ಜಾನ್ ಉಪವಾಸ. ಸಹರಿಯ ಊಟವನ್ನು ಡಬ್ಬಿಯಲ್ಲಿ ತಂದು, ಬೆಳಗಿನ ಜಾವ ನಾಲ್ಕಕ್ಕೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಊಟ ಮಾಡಿ, ಮತ್ತೆ ಒಳಗೆ ಬಂದು ಅವ್ವನ ಕಾಲು ಒತ್ತುತ್ತಿದ್ದರು. ಅದು ಅವ್ವ ಎಚ್ಚರಾಗುವ ಹೊತ್ತು. ಇಬ್ಬರೂ ಅವರವರ ಪ್ರಾರ್ಥನೆ ಮಾಡುತ್ತಿದ್ದರು, ಮೆಲ್ಲಗೆ, ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದಂತೆ.

ಒಂದು ದಿನ ಹೊಸದಾಗಿ ಸೇರಿದ ಚಿಕ್ಕ ಸಿಸ್ಟರ್ ಚಾದರ ಬದಲಾಯಿಸಿದಳು. ಅವ್ವನಿಗೆ ಆಗ ಮಾತಾಡಲು ಶಕ್ತಿ ಇರಲಿಲ್ಲ. ಬೆರಳು ಎತ್ತಿ ಕಾಲಿನ ಕಡೆಯ ಮೂಲೆ ತೋರಿಸಿದಳು. ಸಿಸ್ಟರ್‌ಗೆ ಅರ್ಥವಾಗಲಿಲ್ಲ. ನಾನು ಹೋಗಿ ಅದನ್ನು ಬಿಚ್ಚಿ, ಓರೆಯಾಗಿ ಮಡಚಿ, ಗಾದಿಯ ಕೆಳಗೆ ಸಿಗಿಸಿದೆ. ಅವ್ವ ಕಣ್ಣು ಮುಚ್ಚಿಕೊಂಡಳು. “ನೀವು ನರ್ಸಾ ಅಕ್ಕಾ?” ಅಂತ ಆ ಹುಡುಗಿ ನನ್ನನ್ನು ಕೇಳಿದಳು.

ಅಪ್ಪ ಈಗ ಹುಬ್ಬಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಬೆಂಗಳೂರಿಗೆ ಬರಲು ಒಪ್ಪುವುದಿಲ್ಲ. ಮೂವತ್ತೆಂಟು ವರ್ಷ ಅಡುಗೆಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟು ಬೇರೇನೂ ಮಾಡಿದವರಲ್ಲ. ಈಗ ಅನ್ನ-ಸಾರು ಕಲಿತಿದ್ದಾರೆ. ಮೊದಮೊದಲು ದಿನಾ ಫೋನು: ಸಾಸಿವೆ ಯಾವ ಡಬ್ಬಿಯಲ್ಲಿ, ಕುಕ್ಕರಿನ ಸೀಟಿ ಎಷ್ಟು. ಒಂದು ಸಂಜೆ ನಾನು ಆಫೀಸಿನ ಕಾಲ್‌ನಲ್ಲಿದ್ದಾಗ ಮೂರು ಸಲ ಮಾಡಿದರು. ಗಾಬರಿಯಿಂದ ಹೊರಗೆ ಬಂದು ಎತ್ತಿದೆ.

“ಒಬ್ಬನ ಅಡಗಿಗೆ ಬರೇ ಅರ್ಧ ವಾಟಗಾ ಅಕ್ಕಿ ಸಾಕಾಕ್ಕತಿ. ಅದರಾಗೂ ಹಿಡಿ ತೆಗೀಬೇಕೇನು?”

“ಸಣ್ಣ ಹಿಡಿ ತೆಗೀರಿ ಅಪ್ಪಾ,” ಅಂದೆ.

ಆ ಕಡೆ ಡಾಲ್ಡಾ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು.