ನಿಮಗಿದು ಗೊತ್ತೇ? ಕ್ಯಾನ್ಸರ್‌ಗೆ ಪ್ಲಾಟಿನಂ ಮದ್ದು

● ಕೀಮೋಥೆರಪಿಯಲ್ಲಿ ಬಳಸುವ ಸಿಸ್‌ಪ್ಲಾಟಿನ್ ಔಷಧದ ತೂಕದಲ್ಲಿ ಸುಮಾರು ಶೇ. 65ರಷ್ಟು ಪ್ಲಾಟಿನಂ. ಹೌದು, ಒಡವೆ ಅಂಗಡಿಯ ಅದೇ ಲೋಹ!

● ಇಟಲಿಯ ಮಿಕೆಲೆ ಪೆಯ್ರೋನೆ ಈ ಹಳದಿ ಪುಡಿಯನ್ನು 1840ರ ದಶಕದಲ್ಲೇ ತಯಾರಿಸಿದ್ದ. ಇದು ಮದ್ದಾದೀತೆಂದು ನೂರು ವರ್ಷ ದಾಟಿದರೂ ಯಾರಿಗೂ ಹೊಳೆಯಲಿಲ್ಲ.

● ಸುಳಿವು ಕೊಟ್ಟದ್ದು ಬ್ಯಾಕ್ಟೀರಿಯಾ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಇ. ಕೋಲಿ ಬೆಳೆಸಿದ ದ್ರಾವಣಕ್ಕೆ ವಿದ್ಯುತ್ ಹಾಯಿಸಿ ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳು ಒಡೆದು ಎರಡಾಗುವುದನ್ನೇ ಬಿಟ್ಟು, ಸಹಜ ಉದ್ದದ 300 ಪಟ್ಟಿನವರೆಗೂ ನೀಳವಾಗಿ ಬೆಳೆದವು! ವಿದ್ಯುತ್ತಿನ ಮಹಿಮೆ ಇರಬೇಕೆಂದು ಹುಡುಕುತ್ತ ಹೋದರೆ ಸಿಕ್ಕ ಕಾರಣವೇ ಬೇರೆ: ವಿದ್ಯುದ್ವಾರದ ಪ್ಲಾಟಿನಂ ಚೂರುಚೂರೇ ಕರಗಿ ದ್ರಾವಣದಲ್ಲಿದ್ದ ಲವಣಗಳೊಂದಿಗೆ ಕೂಡಿಕೊಂಡಿತ್ತು. ಈ ಸಂಗತಿ ಪ್ರಕಟವಾದದ್ದು 1965ರಲ್ಲಿ. ಬ್ಯಾಕ್ಟೀರಿಯಾ ಒಡೆಯುವುದನ್ನು ತಡೆದದ್ದು ಗಡ್ಡೆಯ ಕೋಶಗಳನ್ನೂ ತಡೆಯಬಾರದೇಕೆ? ಆ ಪ್ರಶ್ನೆ ಫಲ ಕೊಟ್ಟಿತು. 1978ರಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್‌ಗೆ ಔಷಧವಾಗಿ ಒಪ್ಪಿಗೆ ದೊರೆಯಿತು.

● ರಕ್ತದಲ್ಲಿ ಕ್ಲೋರೈಡ್ ಹೆಚ್ಚು, ಕೋಶದೊಳಗೆ ತೀರಾ ಕಡಿಮೆ. ಹಾಗಾಗಿ ಸಿಸ್‌ಪ್ಲಾಟಿನ್ ಅಣು ಒಳಹೊಕ್ಕ ಮೇಲೆಯೇ ತನ್ನ ಕ್ಲೋರೈಡ್ ಕಳಚಿಕೊಳ್ಳುತ್ತದೆ. ಖಾಲಿಯಾದ ಕೈಗಳಿಂದ ಡಿಎನ್‌ಎಯಲ್ಲಿ ಅಕ್ಕಪಕ್ಕವಿರುವ ಎರಡು ಗ್ವಾನೀನ್‌ಗಳನ್ನು ಹಿಡಿದು ಎಳೆಯನ್ನೇ ಬಗ್ಗಿಸಿಬಿಡುತ್ತದೆ.

● ಅಣುವಿನ ಎರಡು ಕ್ಲೋರೈಡ್ ಒಂದೇ ಮಗ್ಗುಲಲ್ಲಿದ್ದರೆ ಮದ್ದು. ಎದುರುಬದುರಾದರೆ ಅದೇ ಪರಮಾಣುಗಳು, ಅಷ್ಟೇ ತೂಕ, ಆದರೆ ಮದ್ದಾಗಿ ಕೆಲಸಕ್ಕೆ ಬಾರದು!

● ಆ ಮಗ್ಗುಲು ತಪ್ಪದಂತೆ ತಯಾರಿಸುವ ಸುಲಭ ದಾರಿ ಪ್ರಕಟವಾದದ್ದು ಭಾರತದ ಪತ್ರಿಕೆಯಲ್ಲಿ: 1970ರ ಇಂಡಿಯನ್ ಜರ್ನಲ್ ಆಫ್ ಕೆಮಿಸ್ಟ್ರಿ, ಲೇಖಕ ಎಸ್.ಸಿ. ಧಾರಾ. ಮೊದಲು ಪ್ಲಾಟಿನಂ ಸುತ್ತ ಅಯೊಡೈಡ್ ಕೂರಿಸಬೇಕು. ಅಣುವಿನ ಉಳಿದ ಭಾಗವಾದ ಅಮೋನಿಯಾ ಬಂದಾಗ ಅಯೊಡೈಡ್ ತನ್ನ ಎದುರಿನ ಜಾಗವನ್ನೇ ತೆರವು ಮಾಡಿಸುತ್ತದೆ, ಎರಡು ಅಮೋನಿಯಾಗಳೂ ಅಕ್ಕಪಕ್ಕ ಕೂರುತ್ತವೆ. ಬಳಿಕ ಸಿಲ್ವರ್ ನೈಟ್ರೇಟ್ ಹಾಕಿ ಅಯೊಡೈಡ್ ಕಿತ್ತು, ಕ್ಲೋರೈಡ್ ತುಂಬಿದರೆ ಮುಗಿಯಿತು. ಇಷ್ಟು ಚೊಕ್ಕದಾದ ಉಪಾಯದ ಹಿಂದಿನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಕಾಣಬೇಕಿತ್ತು.

● ಈ ಔಷಧಕ್ಕೆ ಅಲ್ಯೂಮಿನಿಯಂ ಭಾಗವಿರುವ ಸೂಜಿ ನಿಷಿದ್ಧ. ತಾಗಿದರೆ ಕಪ್ಪು ಗಸಿ ಕೂರುತ್ತದೆ.

● ಕಿಡ್ನಿ, ಕಿವಿಗಳಿಗೆ ಪೆಟ್ಟು ಕೊಡುವುದು ಸಿಸ್‌ಪ್ಲಾಟಿನ್‌ನ ದೊಡ್ಡ ದೋಷ. ಕಿಡ್ನಿಯ ಮಟ್ಟಿಗೆ ಇದರ ತಮ್ಮನಂತಿರುವ ಕಾರ್ಬೊಪ್ಲಾಟಿನ್ ಎಂಬ ಮದ್ದು ಸಾಧು.

● ಕ್ಯಾನ್ಸರ್ ಮದ್ದುಗಳೆಲ್ಲ ಪ್ಲಾಟಿನಂನವಲ್ಲ: ಡಾಕ್ಸೊರೂಬಿಸಿನ್ ಎಂಬ ಇನ್ನೊಂದು ಮದ್ದಿನಲ್ಲಿ ಲೋಹವಿಲ್ಲ. ಅದು ಡಿಎನ್‌ಎ ಮೆಟ್ಟಿಲುಗಳ ಸಂದಿಗೆ ನುಸುಳಿ ಕೂರುತ್ತದೆ. ಬಣ್ಣ ಕಡುಗೆಂಪು. ಡ್ರಿಪ್ ಹಾಕಿಸಿಕೊಂಡವರ ಮೂತ್ರ ಒಂದೆರಡು ದಿನ ಕೆಂಪಾದರೆ ಸಾಮಾನ್ಯವಾಗಿ ಅದು ರಕ್ತವಲ್ಲ, ಮದ್ದಿನ ಬಣ್ಣ!